ಷರಾ

ತೊಗರಿ ಹೂ ಬಿಟ್ಟದ. ಪಟ್ಟಿ ಹಿಡ್ಕೊಂಡು ಹೊಂಟೀನಿ,
ಭಾಗ ಸಂಖ್ಯೆ ನೂರಾ ಹದಿನಾಲ್ಕು, ಕೆಂಪುಗುಡ್ಡ ತಾಂಡಾ,
ತಾಲೂಕು ಚಿಂಚೋಳಿ.
ಅಂಗನವಾಡಿ ಹುಡುಗ್ರಿಗೆ ಉಪ್ಪಿಟ್ಟು ಬಡಿಸಿ, ಆಯಾಗ ಚಾವಿ ಕೊಟ್ಟು
ಈಗ ನಾ ಸರ್ಕಾರದ ಕಣ್ಣು.
ಚಪ್ಪಲಿ ಮಾತ್ರ ನಂದೇ.

ಮೊದಲನೇ ಮನಿ, ಬೀಗ.
ಎರಡನೇ ಮನಿ, ಬೀಗ. ಜಂಗು ಹಿಡೀಬಾರದಂತ
ಪ್ಲಾಸ್ಟಿಕ್ ಹಾಳಿ ಸುತ್ತ್ಯಾರ.
ಮೂರನೇದಕ್ಕ ಬೀಗೂ ಇಲ್ಲ, ತಂತಿ ಬಿಗಿದಾರ.
ಕಟ್ಟಿ ಮ್ಯಾಗ ಕುಂತ ಸೋನಾಬಾಯಿ
ನಾ ಕೇಳೋದರೊಳಗೇ ಹೇಳ್ತಾಳ: ಪುಣಾ, ಪುಣಾ, ಮುಂಬೈ, ಪುಣಾ,
ಮಗ್ಗಿ ಒಪ್ಪಿಸಿದಂಗ.

ಷರಾ ಅಂತ ಒಂದು ಕಾಲಂ ಅದ, ನನ್ನ ಕಿರುಬೆರಳಿನಷ್ಟು ಅಗಲ.
ಸತ್ತಿದ್ರ ಒಂದು ಅಕ್ಷರ. ಊರು ಬಿಟ್ಟಿದ್ರ ಒಂದು ಅಕ್ಷರ.
ಬರ್ತೀನಿ ಅಂತ ಹೇಳಿ ಹೋದವರಿಗೆ ಯಾವ ಅಕ್ಷರ ರೀ,
ತರಬೇತಿದಾಗ ಕೇಳಿದ್ದೆ.
ಚಾ ಬಂತು. ಸಾಹೇಬರು ಮುಂದಿನ ಸ್ಲೈಡಿಗೆ ಹೋದರು.

ಗೇಮು ರಾಠೋಡ, ವಯಸ್ಸು ನಲವತ್ತೊಂದು,
ಪುಣೆದಾಗ ಹನ್ನೊಂದನೇ ಮಾಳಿಗಿ ಕಟ್ಟಲತ್ಯಾನ.
ಅಷ್ಟು ಎತ್ತರದಿಂದ ನಮ್ಮ ಗುಡ್ಡ ಕಾಣ್ತದೇನೋ ಅಂತ ಕೇಳಿದ್ದೆ ಒಮ್ಮೆ.
ಇಲ್ಲ ಬಾಯೀ, ಇನ್ನೊಂದು ಬಿಲ್ಡಿಂಗ್ ಕಾಣ್ತದ,
ಅದೂ ನಾವೇ ಕಟ್ಟಿದ್ದು, ಅಂದ.

ಅವನ ಹೆಬ್ಬೆರಳು ಅಲ್ಲಿ ನಡೀತದ.
ರೇಷನ್ ಅಂಗಡಿ ಮಷಿನ್ ಮ್ಯಾಗ ಒತ್ತಿದ್ರ
ಕೆಂಪುಗುಡ್ಡದ ಅಕ್ಕಿ ಪುಣೆದಾಗ ಇಳೀತದ.
ಸಿಮೆಂಟು ತಿಂದು ಗೆರಿ ಸವದಾವ,
ಒರಸಿ ಒರಸಿ ಮೂರು ಸಲ ಒತ್ತಬೇಕು, ಆ ಮಾತು ಬ್ಯಾರೆ.
ಅದರ ಬಾಜೂಕಿನ ಬೆರಳಿಗೆ ಶಾಯಿ ಹಚ್ಚಬೇಕಂದ್ರ
ಇಲ್ಲಿಗೇ ಬರಬೇಕು.
ಒಂದೇ ಕೈ. ನಡುವ ನಾನೂರ ಚಿಲ್ಲರೆ ಕಿಲೋಮೀಟರು.

ಸೌದಿಗೆ ಹೋದ ಜಹೀರೋದ್ದೀನಗ ಒಂದು ಫಾರಂ ಅದ,
ಪಾಸ್‌ಪೋರ್ಟ್ ತೋರಿಸಿದ್ರ ಹೆಸರು ಪಟ್ಟಿದಾಗ ಕೂಡ್ತದ.
ಓಟಿಗೆ ವಿಮಾನ ಹತ್ತಿ ಬರಬೇಕು ಖರೆ. ಬರಂಗಿಲ್ಲ. ಹೆಸರಾದ್ರೂ ಅದ.
ಸಮುದ್ರ ದಾಟಿದವರಿಗೆ ಅಷ್ಟು.
ಭೀಮಾ ಹೊಳಿ ದಾಟಿದವರಿಗೆ ನನ್ನ ಕೆಂಪು ಪೆನ್ನು.

ಪಂಚಾಯ್ತಿ ಚುನಾವಣೆಗಾದ್ರ ಬಸ್ ಬರ್ತಾವ.
ಒಂದೊಂದು ಓಟಿಗೂ ಜಗ್ಗಾಟ, ನಿಂತವರೇ ಡೀಸೆಲ್ ಹಾಕಸ್ತಾರ,
ನಸುಕಿನ ಮೂರಕ್ಕ ಐವತ್ತೆರಡು ಮಂದಿ ಇಳೀತಾರ
ನಿದ್ದಿಗಣ್ಣಿನ್ಯಾಗ, ತಲಿಕೂದಲದಾಗ ಸಿಮೆಂಟು,
ಯಾರ ಬಸ್ಸು ಅನ್ನೋದು ಮರೀಬಾರದಂತ
ಕೈಯಾಗ ಚೂಡಾ ಪೊಟ್ಟಣ.
ದಿಲ್ಲಿ ಚುನಾವಣೆಗೆ ಬಸ್ ಕಳಸೋರಿಲ್ಲ.
ದಿಲ್ಲಿಗೆ ಐವತ್ತೆರಡು ಯಾವ ಲೆಕ್ಕ?

ಅಂಗನವಾಡಿ ಗೋಡಿ ಮ್ಯಾಗ ರಾಷ್ಟ್ರಪತಿ ಚಿತ್ರ ಅದ.
ಸೋನಾಬಾಯಿ ಬಲ್ಲಿ ಬಿಟ್ಟುಹೋದ ಗೇಮುನ ಮಗಳು
ನಿನ್ನೆ ಕೇಳಿದಳು: ಇವರಿಗೆ ಯಾರು ಓಟು ಹಾಕಿದ್ರು?
ನಾವು ಆರಿಸಿದವರು ಇವರನ್ನ ಆರಿಸ್ತಾರ, ಅಂದೆ.
ನಮ್ಮಪ್ಪ ಆರಿಸಿದನಾ?
ಉಪ್ಪಿಟ್ಟು ಆರ್ತದ, ತಿನ್ನು.

ನನ್ನ ಹೆಸರೂ ಒಮ್ಮೆ ಹಿಂಗೇ ಹೋಗಿತ್ತು.
ಮದಿವಿ ಆದ ವರ್ಷ, ಹುಮನಾಬಾದದ ಪಟ್ಟಿದಾಗ,
ಅವ್ವನ ಹೆಸರಿನ ಕೆಳಗ, ಅಡ್ಡಗೆರಿ.
ಯಾರು ಎಳೆದರೋ, ನನ್ನಂಥಾಕಿನೇ ಇರಬೇಕು,
ಬಿಸಲಾಗ ನಿಂತು, ನೀರಡಿಸಿ.

ಫೋನ್ ಹಚ್ಚಿದೆ. ಮಿಕ್ಸರ್ ಸಪ್ಪಳದಾಗ ಗೇಮುನ ಹೆಂಡತಿ ಪೂರಿಬಾಯಿ:
ಇಲ್ಲೂ ಒಬ್ಬ ಬಂದಿದ್ದ, ಹಾಳಿ ಹಿಡ್ಕೊಂಡು, ನಿಮ್ಮಂಗ.
ಶೆಡ್ಡಿಗೆ ಮನಿ ನಂಬರ್ ಇಲ್ಲಂತ ಹೊಳ್ಳಿ ಹೋದ.
ನಮ್ಮ ಬೀಗಕ್ಕ ಇಷ್ಟು ಎಣ್ಣಿ ಬಿಡ್ರಿ ಬಾಯೀ,
ಹ್ವಾದ ಸಲ ಕೀಲಿ ತಿರುಗಲೇ ಇಲ್ಲ.
ಅಷ್ಟರಾಗ ಯಾರೋ ಒದರಿದರು, ಫೋನ್ ಇಟ್ಟಳು.

ಸೋನಾಬಾಯಿ ಬಲ್ಲಿ ಕುಸುಬಿ ಎಣ್ಣಿ ಇಸಕೊಂಡೆ.
ಎರಡು ಹನಿ ಒಳಗ, ಒಂದು ಹನಿ ನೆಲಕ್ಕ.
ಪಟ್ಟಿ ತೆರೆದರ ಗೇಮುನ ಸಾಲಿನ್ಯಾಗ,
ಷರಾ ಅಂಬೋ ಆ ಕಿರುಬೆರಳಗಲದ ಜಾಗದಾಗ
ನನ್ನ ಬೆರಳು ಎಣ್ಣಿಗುರುತು ಬಿಟ್ಟಿತ್ತು,
ಹಾಳಿ ಆಚಿ ಕಡಿ ಬೆಳಕು ಕಾಣೋವಷ್ಟು.
ಸಾಹೇಬರು ಕೇಳಿದ್ರ ಇದನ್ನ ಏನಂತ ಓದಿ ಹೇಳ್ಲಿ?

ಇನ್ನ ಮೂವತ್ತೊಂದು ಮನಿ ಅವ.